ಅಪರಿಚಿತನ ಕೋಟು

ಗೇಲೆನ್ ರೂಡ್ ಮಕ್ಕಳನ್ನು ಹೆದರಿಸಿ ಸಂಬಳ ತೆಗೆದುಕೊಳ್ಳುತ್ತಿದ್ದ. ಹೀಗೆಂದೊಡನೆ ಅವನಿಗೆ ಕೋರೆಹಲ್ಲು ಇದ್ದಿರಬೇಕೆಂದುಕೊಳ್ಳಬೇಡಿ. ಇದ್ದದ್ದು ಕಟ್ಟಿಸಿದ ಹಲ್ಲು, ಅದೂ ಸಡಿಲ. ನಮ್ಮ ಹ್ಯಾಲ್‌ಬರ್ಗ್ ಊರಿನಲ್ಲಿ ಅವನಷ್ಟು ಪುಕ್ಕಲು ಮನುಷ್ಯ ಇನ್ನೊಬ್ಬನಿರಲಿಲ್ಲ. ದಾರಿಯಲ್ಲಿ ಬಾತುಕೋಳಿ ಎದುರಾದರೆ ಟೋಪಿ ತೆಗೆದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ. ಎಷ್ಟು ನಿಧಾನ ಎಂದರೆ, ಒಂದನೇ ತರಗತಿಗೆಂದು ಬಸ್ಸು ಹತ್ತಿದ ಮಗು ಇಳಿದು ನೇರವಾಗಿ ಎರಡನೇ ತರಗತಿಗೆ ಹೋಗಿ ಕೂರಬಹುದಿತ್ತು. ಆದರೆ ಅಷ್ಟು ವರ್ಷದಲ್ಲಿ ಒಂದು ಮಗುವಿನ ಮೊಣಕಾಲೂ ತರಚಲಿಲ್ಲ.

ಅಂಥವನು ಈ ಕೆಲಸಕ್ಕೆ ಸಿಕ್ಕಿಕೊಂಡದ್ದು ಹೆಂಡತಿ ಲವಾನ್‌ಳಿಂದ. ವಿಶ್ವವಿದ್ಯಾಲಯದವರು ಅವಳಿ ಮಕ್ಕಳನ್ನು ಪರೀಕ್ಷಿಸುವ ಒಂದು ಅಧ್ಯಯನ ಶುರುಮಾಡಿದ್ದರು. ಮನುಷ್ಯನ ಗುಣದಲ್ಲಿ ರಕ್ತದಿಂದ ಬಂದದ್ದೆಷ್ಟು, ಮನೆಯಿಂದ ಬಂದದ್ದೆಷ್ಟು ಎಂದು ತೂಗಿ ನೋಡುವುದು ಅವರ ಆಸೆ. ಒಂದೇ ಅಚ್ಚಿನ ಅವಳಿಗಳನ್ನೂ ಬೇರೆ ಬೇರೆ ಅಚ್ಚಿನ ಅವಳಿಗಳನ್ನೂ ಪಕ್ಕದಲ್ಲಿಟ್ಟು ಹೋಲಿಸಿದರೆ ಲೆಕ್ಕ ಸಿಗುತ್ತದಂತೆ. ನನ್ನನ್ನು ಕೇಳಿದ್ದರೆ ಪುಕ್ಕಟೆಯಾಗಿ ಹೇಳುತ್ತಿದ್ದೆ: ಒಳ್ಳೆಯ ಗುಣವೆಲ್ಲ ತಾಯಿಯ ಕಡೆಯದು, ಕೆಟ್ಟದ್ದೆಲ್ಲ ತಂದೆಯ ಕಡೆಯದು, ನಮ್ಮ ಮನೆಯಲ್ಲಂತೂ ಹೀಗೆಂದು ತೀರ್ಪಾಗಿ ಬಹಳ ಕಾಲವಾಯಿತು. ಯಾರೂ ಕೇಳಲಿಲ್ಲ. ನಾನು ಕೆರೆಯ ದಡದಲ್ಲಿ ಗಾಳ, ಎರೆಹುಳು, ಪುಟ್ಟ ಮೀನು ಮಾರುವವನು.

ನನ್ನ ಅಂಗಡಿಯ ಪಕ್ಕದಲ್ಲಿಯೇ ಅವರು ಹಳೆಯ ಹಿಮದ ಗೋದಾಮನ್ನು ಬಾಡಿಗೆಗೆ ಹಿಡಿದರು. ಫ್ರಿಜ್ಜುಗಳು ಬರುವ ಮೊದಲು ಕೆರೆಯ ಹಿಮವನ್ನು ಗರಗಸದಲ್ಲಿ ಕೊಯ್ದು ಆ ಗೋದಾಮಿನೊಳಕ್ಕೆ ಎಳೆದು ತುಂಬುತ್ತಿದ್ದರು. ಹಾಗಾಗಿ ಅದರ ಹಿಂಬಾಗಿಲು ನೇರವಾಗಿ ಕೆರೆಗೇ ತೆರೆಯುತ್ತದೆ. ಈ ಬಾಗಿಲನ್ನು ನೆನಪಿಟ್ಟುಕೊಳ್ಳಿ.

ಲವಾನ್‌ಳಿಗೆ ಟೆಲಿಫೋನಿನ ಕೆಲಸ ಸಿಕ್ಕಿತು. ಅವಳಿ ಹೆತ್ತ ತಾಯಂದಿರಿಗೆ ಮೊದಲು ಅಧ್ಯಯನದವರು ಪತ್ರ ಬರೆಯುತ್ತಿದ್ದರು. ಉತ್ತರ ಬರದಿದ್ದರೆ ಲವಾನ್ ಫೋನು ಮಾಡಬೇಕು. ಅವಳ ದನಿ ಹೇಗಿತ್ತೆಂದರೆ, ತಪ್ಪು ನಂಬರಿಗೆ ಕರೆ ಮಾಡಿದವರೂ ಅವಳೊಡನೆ ಅರ್ಧ ಗಂಟೆ ಮಾತಾಡಿ ಹಬ್ಬಕ್ಕೆ ಊಟಕ್ಕೆ ಬರುತ್ತೇವೆಂದು ಒಪ್ಪಿಕೊಂಡು ಇಡುತ್ತಿದ್ದರು. ಅಧ್ಯಯನದ ಮೇಲ್ವಿಚಾರಕಿ ಡಾಕ್ಟರ್ ನಾಡೀನ್ ಫೋಲ್ಸಮ್ ಒಂದು ದಿನ ಅವರ ಮನೆಗೆ ಬಂದಾಗ ಗೇಲೆನ್ ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಹೊಸಬರೆದುರು ನಾಚಿಕೆಯಿಂದ ಅವನ ಮುಖ ಮರದ ಹಲಗೆಯಾಗುತ್ತದೆ. ಆರೂವರೆ ಅಡಿ ಎತ್ತರ, ಬೆನ್ನೋ ದನದ ಕೊಟ್ಟಿಗೆಯ ಬಾಗಿಲು. ಡಾಕ್ಟರು ನಿಧಿ ಕಂಡವಳಂತೆ ಅವನನ್ನೇ ನೋಡಿದಳು.

"ಇವರು ಯಾವಾಗ್ಲೂ ಹೀಗೇ ಇರ್ತಾರಾ?" ಎಂದು ಲವಾನ್‌ಳನ್ನು ಕೇಳಿದಳು.

"ಇಲ್ಲ ಡಾಕ್ಟ್ರೇ, ಇವತ್ತು ಸ್ವಲ್ಪ ಖುಷೀಲಿದಾನೆ."

ಹಾಗೆ ಅವನು 'ಅಪರಿಚಿತ'ನಾದ. ಅವನ ಹುದ್ದೆಯ ಹೆಸರೇ ಅದು. ಪರೀಕ್ಷೆಯ ಒಂದು ಭಾಗ ಮಗುವಿಗೆ ಭಯ ಎಷ್ಟು ಎಂದು ಅಳೆಯುವುದು. ನಾಲ್ಕು ವರ್ಷದ ಮಗು ಕೋಣೆಯಲ್ಲಿ ಒಂಟಿಯಾಗಿ ಆಟವಾಡುತ್ತಿರುತ್ತದೆ. ಬಾಗಿಲು ತೆರೆಯುತ್ತದೆ. ಕಂದು ಕೋಟು, ಕಪ್ಪು ಟೋಪಿ ಹಾಕಿದ ದೊಡ್ಡ ಮನುಷ್ಯ ಬಂದು ಸುಮ್ಮನೆ ನಿಲ್ಲುತ್ತಾನೆ. ಆಮೇಲೆ ಕೋಣೆಯ ಅರ್ಧಕ್ಕೆ ಬರುತ್ತಾನೆ. "ನಿನ್ನ ಹೆಸರೇನು?" ಎಂದು ಕೇಳುತ್ತಾನೆ. "ಏನು ಆಟ ಆಡ್ತಿದೀಯ?" ಎಂದು ಕೇಳುತ್ತಾನೆ. ನಗಬಾರದು, ಗದರಬಾರದು, ದನಿಯಲ್ಲಿ ಬಿಸಿಯೂ ಇರಬಾರದು, ತಂಪೂ ಇರಬಾರದು. ಕೊನೆಗೆ ಮಗುವಿನ ಹತ್ತಿರ ಮಂಡಿಯೂರಿ ಒಂದಿಷ್ಟು ಹೊತ್ತು ಅದರ ಮುಖವನ್ನೇ ನೋಡಿ, ಎದ್ದು ಹೋಗುತ್ತಾನೆ. ಕನ್ನಡಿಯಂಥ ಗಾಜಿನ ಹಿಂದೆ ಕೂತ ಡಾಕ್ಟರು ಮಗು ಎಷ್ಟು ಹಿಂದೆ ಸರಿಯಿತು, ತುಟಿ ಯಾವಾಗ ನಡುಗಿತು ಎಂದೆಲ್ಲ ಬರೆದುಕೊಳ್ಳುತ್ತಾಳೆ. ಅವಳಿಗಳಲ್ಲಿ ಒಬ್ಬರದು ಮುಗಿದ ಮೇಲೆ ಇನ್ನೊಬ್ಬರದು. ಇಬ್ಬರದೂ ಮುಗಿದ ಮೇಲೆ ಗೇಲೆನ್ ಕೋಟು ಟೋಪಿ ತೆಗೆದಿಟ್ಟು, ಲವಾನ್ ಮಾಡಿದ ಶುಂಠಿ ಬಿಸ್ಕತ್ತಿನ ಡಬ್ಬ ಹಿಡಿದು ಒಳಗೆ ಬಂದು, "ನಾನು ಗೇಲೆನ್. ಅದು ಬರೀ ನಾಟಕ" ಎಂದು ಮಕ್ಕಳೊಡನೆ ಕೂತು ತಿನ್ನಬೇಕು. ಆ ಡಬ್ಬಕ್ಕೆ ಅವನು ಕ್ಷಮಾಪಣೆಯ ಡಬ್ಬವೆಂದು ಹೆಸರಿಟ್ಟಿದ್ದ. ಇಬ್ಬರದೂ ಮುಗಿಯದೆ ಅದನ್ನು ತೆರೆಯುವಂತಿರಲಿಲ್ಲ. ಮೊದಲ ಮಗು ಹೋಗಿ ಎರಡನೆಯದಕ್ಕೆ ಗುಟ್ಟು ಹೇಳಿಬಿಡುತ್ತದಲ್ಲ.

ಕೆಲಸ ಮುಗಿಸಿ ಅವನು ನನ್ನ ಅಂಗಡಿಗೆ ಬಂದು ಪುಟ್ಟ ಮೀನಿನ ತೊಟ್ಟಿಯ ಪಕ್ಕ ಕೂರುತ್ತಿದ್ದ.

"ಇವತ್ತು ಒಂದು ಹುಡುಗ ಅಳಲಿಲ್ಲ ಕಣಯ್ಯ," ಎನ್ನುತ್ತಿದ್ದ. "ಸುಮ್ನೆ ನನ್ನ ಮುಖ ನೋಡ್ದ. ಕಲಿತುಕೊಳ್ಳೋರ ಹಾಗೆ ನೋಡ್ದ."

"ನಿನ್ನ ಮುಖದಲ್ಲಿ ಕಲಿಯೋಕೆ ಏನಿದೆ? ಸುಕ್ಕಿನ ಲೆಕ್ಕವಾ?"

"ಮಕ್ಕಳು ಮರೀತವೆ ಅಂತಾರೆ. ನಾನು ನಾಲ್ಕು ವರ್ಷದವನಿದ್ದಾಗ ನಮ್ಮ ಚಿಕ್ಕಪ್ಪ ನನ್ನೆದುರಿಗೇ ಹಂದಿ ಕಡಿದಿದ್ದ. ಚಿಕ್ಕಪ್ಪ ಸತ್ತು ಯಾವ ಕಾಲವಾಯ್ತು. ಅವನ ಫೋಟೋ ಇರೋ ಗೋಡೆಗೆ ಬೆನ್ನು ಕೊಟ್ಟು ಇವತ್ತಿಗೂ ಕೂರಲ್ಲ ನಾನು."

"ನೀನು ಹಂದಿ ಕಡೀತಿಲ್ವಲ್ಲ."

"ಬಿಸ್ಕತ್ತು ತಿಂದ ಮೇಲೆ ಎಲ್ಲಾ ನಗ್ತವೆ. ಮನೆಗೆ ಹೋದ ಮೇಲೆ ಏನ್ ಮಾಡ್ತವೋ ಯಾರಿಗೆ ಗೊತ್ತು."

ಆ ಭಯ ಅವನಲ್ಲಿ ಬೆಳೆಯುತ್ತಾ ಹೋಯಿತು. ದಿನಸಿ ಅಂಗಡಿಯಲ್ಲಿ ಅವಳಿ ಮಕ್ಕಳು ಕಂಡರೆ ಸಾಮಾನಿನ ಕಪಾಟಿನ ಹಿಂದೆ ಅವಿತುಕೊಳ್ಳುತ್ತಿದ್ದ. ಆರೂವರೆ ಅಡಿ ಮನುಷ್ಯ ಐದಡಿ ಕಪಾಟಿನ ಹಿಂದೆ ಅವಿತರೆ ಏನು ಕಾಣುತ್ತದೆ? ಮೇಲೆ ತಲೆ ಮಾತ್ರ, ಕಣ್ಣು ಮುಚ್ಚಿಕೊಂಡು. ಲವಾನ್ ತರಕಾರಿ ಆರಿಸುತ್ತಾ, "ಹೋದ್ರು, ಬಾ" ಎಂದು ಕರೆದ ಮೇಲೆಯೇ ಹೊರಗೆ ಬರುತ್ತಿದ್ದ.

ಆ ವರ್ಷ ಲವಾನ್‌ಳಿಗೆ ಒಲಿಯದೆ ಉಳಿದವಳು ಕ್ರಿಸ್ಟಲ್ ಪೆಲ್ಟೊ ಎಂಬ ತಾಯಿ. ಎರಡು ಊರಿನಾಚೆಯ ವೃದ್ಧಾಶ್ರಮದಲ್ಲಿ ರಾತ್ರಿಪಾಳಿಯ ದಾದಿ. ಟಿಲ್ಡಾ, ಬ್ರಿಟಾ ಎಂದು ನಾಲ್ಕು ವರ್ಷದ ಇಬ್ಬರು ಹುಡುಗಿಯರು, ಒಂದೇ ಅಚ್ಚು. ಗಂಡ ಬಿಟ್ಟುಹೋಗಿದ್ದ. ಲವಾನ್ ಫೋನು ಮಾಡಿದಾಗಲೆಲ್ಲ ಅವಳದು ಒಂದೇ ಪ್ರಶ್ನೆ.

"ಅವರನ್ನ ಬೇರೆ ಬೇರೆ ರೂಮಲ್ಲಿ ಕೂರಿಸ್ತೀರಂತೆ, ಹೌದಾ?"

"ಸ್ವಲ್ಪ ಹೊತ್ತು ಅಷ್ಟೇ, ತಾಯಿ."

"ಅವು ಹುಟ್ಟಿದಾಗಿಂದ ಬೇರೆ ರೂಮಲ್ಲಿ ಇದ್ದಿಲ್ಲ. ಒಂದು ಕಣ್ಣಿಗೆ ಬೀಳದಿದ್ರೆ ಇನ್ನೊಂದು ಹುಡುಕ್ಕೊಂಡು ಹೊರಟುಬಿಡ್ತದೆ. ಒಂದ್ಸಲ ಬೀದಿವರೆಗೂ ಹೋಗಿತ್ತು. ನಂಗೆ ಭಯ ಆಗ್ತದೆ."

"ನಾನು ಅಲ್ಲೇ ಇರ್ತೀನಿ. ನಿಮ್ಮ ಮಕ್ಕಳಿಗೆ ಒಂದು ಗೀರೂ ಆಗಲ್ಲ. ನನ್ನ ಮಾತು ಇದು."

ಲವಾನ್ ಸುಲಭಕ್ಕೆ ಮಾತು ಕೊಡುವವಳಲ್ಲ. ಮಕ್ಕಳಾಗದ ಮನೆ ಅವರದು. ಅವಳು ಮಾತು ಕೊಟ್ಟದ್ದನ್ನು ಪಕ್ಕದಲ್ಲಿದ್ದ ಗೇಲೆನ್ ಕೇಳಿಸಿಕೊಂಡ. ಕ್ರಿಸ್ಟಲ್ ಬರುತ್ತೇನೆಂದಳು.

ಅವರು ಬಂದದ್ದು ಮಾರ್ಚಿ ಮುಗಿಯುತ್ತಿದ್ದಾಗ. ನಮ್ಮ ಮಿನೆಸೋಟದ ಚಳಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಸುಳ್ಳನೆಂದೀರಿ. ಜನವರಿಯಲ್ಲಿ ನಾವು ಫ್ರಿಜ್ಜಿನ ಬಾಗಿಲು ತೆರೆದು ಚಳಿ ಕಾಯಿಸಿಕೊಳ್ಳುತ್ತೇವೆ ಎಂದಷ್ಟೇ ಹೇಳಿದರೆ ಸಾಕು. ಆದರೆ ಮಾರ್ಚಿ ಮೋಸದ ತಿಂಗಳು. ಕೆರೆ ಮೇಲೆ ಬೆಳ್ಳಗಿರುತ್ತದೆ, ಒಳಗೆ ಕೊಳೆತಿರುತ್ತದೆ. ಬಿಳಿ ಹಿಮ ಹೊರುತ್ತದೆ, ಕಪ್ಪಾದ ಹಿಮ ನುಂಗುತ್ತದೆ. ಅದನ್ನು ಕಾಯುವುದೇ ಊರಿನ ಆಟ. ಪ್ರತಿ ಚಳಿಗಾಲ ಎಂಜಿನ್ ಕಿತ್ತ ಒಂದು ಗುಜರಿ ಕಾರನ್ನು ಕೆರೆಯ ಹಿಮದ ಮೇಲೆ ನಿಲ್ಲಿಸಿ, ದಡದ ಮರಕ್ಕೆ ಸರಪಳಿ ಕಟ್ಟಿ, ಅದು ಯಾವ ದಿನ ಮುಳುಗುತ್ತದೆಂದು ಎಲ್ಲರೂ ಪಂದ್ಯ ಕಟ್ಟುತ್ತೇವೆ. ಚೀಟಿ ನನ್ನ ಅಂಗಡಿಯಲ್ಲೇ. ಆ ವರ್ಷ ಹಳದಿ ಬಣ್ಣದ ಉದ್ದನೆಯ ಕಾರು. ಆ ಹೊತ್ತಿಗೆ ಅದರ ಹಿಂದಿನ ಚಕ್ರಗಳು ಆಗಲೇ ಕೆಳಗಿಳಿದು, ಕಾರು ಆಕಾಶ ನೋಡುತ್ತಾ ನಿಂತಿತ್ತು. ಅದರ ಆಚೆಯ ಹಿಮ ಪೂರ್ತಿ ಕಪ್ಪು.

ಟಿಲ್ಡಾ ಬ್ರಿಟಾರನ್ನು ಒಟ್ಟಿಗೆ ನೋಡಿದವರಿಗೆ ತಮ್ಮ ಕನ್ನಡಕ ಹಾಳಾಗಿದೆ ಎನ್ನಿಸುತ್ತಿತ್ತು. ಹೆತ್ತ ತಾಯಿಯೇ ದೂರದಿಂದಾದರೆ ಎರಡೂ ಹೆಸರು ಕೂಗಿ, ತಿರುಗಿದವಳು ಯಾರೆಂದು ಆಮೇಲೆ ನೋಡಿಕೊಳ್ಳುತ್ತಿದ್ದಳು. ಅದಕ್ಕೇ ಅಧ್ಯಯನದವರು ಅವಳಿಗಳಿಗೆ ಬಣ್ಣದ ತೋಳಿಲ್ಲದ ಅಂಗಿ ತೊಡಿಸುತ್ತಿದ್ದರು. ಟಿಲ್ಡಾಳಿಗೆ ಕೆಂಪು. ಬ್ರಿಟಾಳಿಗೆ ನೀಲಿ. ಅಲ್ಲಿಂದಾಚೆಗೆ ಯಾರೂ ಮುಖ ನೋಡುತ್ತಿರಲಿಲ್ಲ, ಅಂಗಿ ನೋಡುತ್ತಿದ್ದರು.

ಮೊದಲು ಕೆಂಪು. ಬ್ರಿಟಾ ಆಚೆ ಕೋಣೆಯಲ್ಲಿ ಒಬ್ಬ ವಿದ್ಯಾರ್ಥಿನಿಯ ಎದುರು ಚಿತ್ರದ ತುಂಡು ಜೋಡಿಸುತ್ತಿದ್ದಳು. ಕ್ರಿಸ್ಟಲ್ ಮುಂದಿನ ಕೋಣೆಯಲ್ಲಿ ಲವಾನ್ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಕೂತಿದ್ದಳು. ಗೇಲೆನ್ ಕೋಟು ಹಾಕಿಕೊಂಡು ಒಳಗೆ ಹೋದ. ಟಿಲ್ಡಾ ಕಿರುಚಲಿಲ್ಲ, ಕೇಳಿದಾಗ ಹೆಸರು ಪಿಸುಗುಟ್ಟಿದಳು. ಮೂಲೆಗೆ ಸರಿದಳು, ಇನ್ನೂ ಸರಿಯಲು ಜಾಗವಿಲ್ಲದಾಗ ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡಳು. ಅವನು ಮಂಡಿಯೂರಿ ಅವಳ ಬೆನ್ನನ್ನು ನೋಡಿದ. ಆ ಪುಟ್ಟ ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು. ಎದ್ದು ಹೊರಗೆ ಬಂದ.

ಪರೀಕ್ಷೆ ಮುಗಿಸಿದ ಮಗುವಿಗೆ ಕೀಲಿ ಕೊಟ್ಟರೆ ಕುಪ್ಪಳಿಸುವ ತಗಡಿನ ಕಪ್ಪೆ ಬಹುಮಾನ. ಟಿಲ್ಡಾಳಿಗೆ ಸಿಕ್ಕಿತು. ನಡುವೆ ತಿಂಡಿಯ ಬಿಡುವು. ಆಗಷ್ಟೇ ಇಬ್ಬರೂ ಒಟ್ಟಿಗಿರಬಹುದು, ಪರೀಕ್ಷೆಯ ಮಾತು ಆಡದಂತೆ ಲವಾನ್ ಕಾಯಬೇಕು. ಅವಳು ಅವರನ್ನು ಕೈ ತೊಳೆಸಲು ಕರೆದುಕೊಂಡು ಹೋದಳು. ಹುಡುಗಿಯರು ಬಚ್ಚಲೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಲವಾನ್‌ಳಿಗೆ ನೀರಿನ ಸದ್ದು, ಕಪ್ಪೆಯ ಟಕಟಕ, ಕಿಸಿಕಿಸಿ ನಗು ಕೇಳಿಸಿತು. ನಗುತ್ತಿವೆಯಲ್ಲ ಎಂದು ಅವಳಿಗೆ ಸಮಾಧಾನ.

ಒಳಗೆ ನಡೆದದ್ದು ಆಮೇಲೆ ತಿಳಿಯಿತು. ಬ್ರಿಟಾ ಕಪ್ಪೆ ಕೇಳಿದಳು. ಕಪ್ಪೆ ಕೆಂಪು ಅಂಗಿಯವರಿಗೆ ಎಂದಳು ಟಿಲ್ಡಾ. ಹಾಗಾದರೆ ಅಂಗಿ ಕೊಡು ಎಂದಳು ಬ್ರಿಟಾ. ಟಿಲ್ಡಾ ಕೊಟ್ಟಳು. ಕೊಡುವ ಸ್ವಭಾವ ರಕ್ತದಿಂದ ಬಂತೋ ಮನೆಯಿಂದ ಬಂತೋ, ಅಧ್ಯಯನದವರು ಅದನ್ನು ಅಳೆಯುತ್ತಿರಲಿಲ್ಲ.

ಬಿಡುವು ಮುಗಿಯಿತು. ಕೆಂಪು ಅಂಗಿ ಚಿತ್ರ ಜೋಡಿಸಲು ಹೋಯಿತು. ನೀಲಿ ಅಂಗಿಯನ್ನು ಆಟದ ಕೋಣೆಯಲ್ಲಿ ಬಿಟ್ಟರು.

ಗೇಲೆನ್ ಬಾಗಿಲು ತೆರೆದ. ಸಾಮಾನ್ಯವಾಗಿ ಮಕ್ಕಳು ಮೊದಲು ಅವನ ಮುಖ ನೋಡುತ್ತವೆ, ಏನು ನಡೆಯುತ್ತಿದೆಯೆಂದು ತಿಳಿಯದೆ ಅರ್ಧ ನಗುವೂ ನಗುತ್ತವೆ. ಈ ಮಗು ಬಾಗಿಲ ಹಿಡಿಕೆ ತಿರುಗಿದಾಗಲೇ ಎದ್ದು ನಿಂತಿತ್ತು. ಅವನು ಸುಮ್ಮನೆ ನಿಂತ. ಅದರ ಕಾಲ ಕೆಳಗೆ ನೆಲ ಒದ್ದೆಯಾಯಿತು. ಅವನು ಅರ್ಧಕ್ಕೆ ಬಂದ.

"ನಿನ್ನ ಹೆಸರೇನು?"

"ನಾನು ಹೇಳ್ದೆನಲ್ಲ," ಎಂದಿತು ಮಗು. "ಮತ್ತೆ ಯಾಕೆ ಬಂದೆ?"

ಅಪರಿಚಿತ ಅರ್ಧದಲ್ಲಿ ಹಿಂತಿರುಗಬಾರದು ಎಂಬುದು ಕಟ್ಟುನಿಟ್ಟಿನ ನಿಯಮ, ಗೇಲೆನ್ ಹಿಂತಿರುಗಿದ. ಬಾಗಿಲು ಎಳೆದುಕೊಳ್ಳುವುದನ್ನು ಮರೆತು ಗಾಜಿನ ಹಿಂದಿನ ಕೋಣೆಗೆ ನುಗ್ಗಿದ. ಡಾಕ್ಟರು ಆಗಲೇ ಕುರ್ಚಿಯಿಂದ ಎದ್ದು ಅವನಿಗೆ ಎದುರಾದಳು.

"ಯಾಕೆ ಬಂದ್ರಿ? ಮುಗಿದಿಲ್ವಲ್ಲ."

"ಡಾಕ್ಟ್ರೇ, ಈ ಮಗು ನನ್ನ ನೋಡಿದೆ."

"ಅದು ಹೇಗೆ? ಬ್ರಿಟಾ ಈಗ ತಾನೇ ಬಂದಿದಾಳೆ. ನೀಲಿ ಅಂಗಿ, ನೋಡಿ."

"ನೀಲಿ ಬ್ರಿಟಾಳದೇ ಇರಬಹುದು. ಒಳಗಿರೋದು ಟಿಲ್ಡಾ."

ಡಾಕ್ಟರು ಗಾಜಿನ ಕಡೆ ತಿರುಗಿದಳು. ಕೋಣೆಯಲ್ಲಿ ಯಾರೂ ಇರಲಿಲ್ಲ.

ಅಲ್ಲಿಂದ ಮುಂದಿನದು ನಾನು ಕಣ್ಣಾರೆ ಕಂಡದ್ದು. ಅಂಗಡಿಯ ಕಿಟಕಿಯಿಂದ ನೋಡುತ್ತಿದ್ದಾಗ ಗೋದಾಮಿನ ಹಿಂಬಾಗಿಲು ಗಾಳಿಗೆ ಬಡಿಯಿತು. ಹಿಮದ ಮೇಲೆ ನೀಲಿಯದೇನೋ ಹೋಗುತ್ತಿತ್ತು. ಪ್ಲಾಸ್ಟಿಕ್ ಚೀಲವಿರಬೇಕೆಂದುಕೊಂಡೆ. ಚೀಲಕ್ಕೆ ಕಾಲುಗಳಿದ್ದವು. ಅದು ಹಳದಿ ಕಾರಿನ ಹತ್ತಿರ ಹೋಗಿ ಅದರ ಪಕ್ಕಕ್ಕೆ ಅಂಟಿಕೊಂಡು ಕೂತಿತು. ಅರವತ್ತು ಚಳಿಗಾಲ ಕಂಡ ನನ್ನ ರಕ್ತ ಅವತ್ತು ಹೆಪ್ಪುಗಟ್ಟಿದಷ್ಟು ಯಾವತ್ತೂ ಹೆಪ್ಪುಗಟ್ಟಿರಲಿಲ್ಲ. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ.

ನಾನು ಅಂಗಡಿಯ ತಗಡಿನ ಚಪ್ಪಟೆ ದೋಣಿಯನ್ನು ದಡಕ್ಕೆ ಎಳೆದೆ. ಹಿಮ ಒಡೆದರೂ ದೋಣಿ ತೇಲುತ್ತದೆ. ಅಷ್ಟರಲ್ಲಿ ಗೇಲೆನ್ ಓಡಿ ಬಂದ, ಕಂದು ಕೋಟಿನಲ್ಲೇ. ಅವನ ಹಿಂದೆ ಕ್ರಿಸ್ಟಲ್, ಲವಾನ್. ಡಾಕ್ಟರು ಅಗ್ನಿಶಾಮಕದವರಿಗೆ ಫೋನು ಮಾಡಲು ಒಳಗೋಡಿದ್ದಳು. ನಮ್ಮ ಅಗ್ನಿಶಾಮಕ ದಳವೆಂದರೆ ಮರದ ಮಿಲ್ಲಿನಲ್ಲಿ ಕೆಲಸ ಮಾಡುವ ಜನ. ಸುದ್ದಿ ಮುಟ್ಟಿ, ಬೂಟು ಸಿಕ್ಕಿ, ಬರುವುದಕ್ಕೆ ಹೊತ್ತು ಬೇಕು.

ಗೇಲೆನ್ ಮತ್ತು ನಾನು ದೋಣಿಯನ್ನು ಹಿಮದ ಮೇಲೆ ತಳ್ಳಿದೆವು. ಕೆರೆ ಹೊಟ್ಟೆಯೊಳಗಿಂದ ಉದ್ದವಾಗಿ ನರಳಿತು. ಮಗು ತಲೆಯೆತ್ತಿ ನಮ್ಮನ್ನು ನೋಡಿತು, ನಮ್ಮನ್ನಲ್ಲ, ಅವನನ್ನು ನೋಡಿತು. ಎದ್ದು ಕಾರಿನ ಆಚೆಗೆ ಹೋಯಿತು. ಕಪ್ಪು ಹಿಮದ ಕಡೆಗೆ.

"ನಿಲ್ಲು," ಎಂದ ಗೇಲೆನ್. "ಒಂದು ಹೆಜ್ಜೆ ಮುಂದೆ ಹೋದ್ರೆ ಅದು ಎರಡು ಹೆಜ್ಜೆ ಆಚೆ ಹೋಗ್ತದೆ."

ನಿಂತೆವು. ಕ್ರಿಸ್ಟಲ್ ದಡದಿಂದ ಮಗಳ ಹೆಸರು ಕೂಗಿದಳು. ಬ್ರಿಟಾ ಎಂದೇ ಕೂಗಿದಳು, ಪಾಪ, ಅಂಗಿ ನೀಲಿಯಲ್ಲವೇ. ಮಗು ಅಲ್ಲಾಡಲಿಲ್ಲ. ಲವಾನ್ ಅವಳ ಭುಜ ಹಿಡಿದು, "ಟಿಲ್ಡಾ ಅನ್ನಿ, ಅದು ಟಿಲ್ಡಾ" ಎಂದಳು. ಟಿಲ್ಡಾ ಎಂದಾಗ ಅದು ತಾಯಿಯ ಕಡೆ ನೋಡಿತು, ಬಾಯಿ ಅಳುವಂತಾಯಿತು. ತಾಯಿಗೂ ಅದಕ್ಕೂ ನಡುವೆ ಕಂದು ಕೋಟು ನಿಂತಿತ್ತು. ಮತ್ತೆ ಹಿಂದೆ ಸರಿಯಿತು. ಕಾರಿನ ಸರಪಳಿ ಕಿರಗುಟ್ಟಿತು.

ಗೇಲೆನ್ ಟೋಪಿ ಬಿಸಾಡಿದ. ಕೋಟು ಬಿಚ್ಚಿ ಬಿಸಾಡಿದ. ಆ ಗಾಳಿಯಲ್ಲಿ ಬರೀ ಅಂಗಿಯಲ್ಲಿ ದಡಕ್ಕೆ ಹಿಂದೆ ಹಿಂದೆ ನಡೆದು ಬಂದ. ಕೋಟು ಹೋದರೂ ಮುಖ ಅದೇ ಅಲ್ಲವೇ? ಮಗು ಬರಲಿಲ್ಲ. ಅವನು ನನ್ನ ಕಡೆ ತಿರುಗಿದ. ಆ ಹಲಗೆ ಮುಖದಲ್ಲಿ ಅವತ್ತು ಕಂಡಂಥ ಭಯವನ್ನು ಯಾವ ಅವಳಿಯ ಮುಖದಲ್ಲೂ ಅವನು ತರಿಸಿರಲಾರ.

"ನನ್ನ ಕಂಡ್ರೆ ಹೆದರದೇ ಇರೋಳು ಒಬ್ಬಳೇ ಇದಾಳೆ ಇಲ್ಲಿ," ಎಂದ. "ಅವಳು ನನ್ನ ನೋಡೇ ಇಲ್ಲ."

ಗೋದಾಮಿನೊಳಗೆ ಓಡಿದ. ಆಮೇಲೆ ಅವನೇ ಹೇಳಿದ್ದು: ಚಿತ್ರ ಜೋಡಿಸುವ ಕೋಣೆಯ ಬಾಗಿಲಲ್ಲಿ ಡಾಕ್ಟರು ಎದುರಾಗಿ, "ಇಬ್ಬರದೂ ಮುಗಿಯೋ ತನಕ ಅವರಿಬ್ರೂ—" ಎಂದು ಅಭ್ಯಾಸಬಲದಿಂದ ಶುರುಮಾಡಿದಳಂತೆ, ಅಲ್ಲೇ ನಿಲ್ಲಿಸಿ, ತಾನೇ ಬಾಗಿಲು ತೆರೆದಳಂತೆ.

ಗೇಲೆನ್ ಹೊರಗೆ ಬಂದಾಗ ಹೆಗಲ ಮೇಲೆ ಕೆಂಪು ಅಂಗಿ ಕೂತಿತ್ತು. ಒಂದು ಕೈಯಲ್ಲಿ ಕಪ್ಪೆ, ಇನ್ನೊಂದು ಕೈ ಅವನ ಕೂದಲಲ್ಲಿ. ಅವನು ಕೆರೆಯಂಚಿನಲ್ಲಿ, ಗಟ್ಟಿ ನೆಲದ ಮೇಲೆ ನಿಂತ. ಮರದ ತುದಿಯಲ್ಲಿ ಹಕ್ಕಿ ಕೂತಂತೆ ಬ್ರಿಟಾ ಎಲ್ಲರಿಗಿಂತ ಎತ್ತರದಲ್ಲಿದ್ದಳು.

"ಟಿಲ್ಡಾ," ಎಂದು ಕೂಗಿದಳು. "ಅಲ್ಲೇನು ಮಾಡ್ತಿದೀಯ?"

ಕಾರಿನ ಹಿಂದಿನಿಂದ ತಲೆ ಕಂಡಿತು. "ಅವನು ಕೆಟ್ಟವನು."

ಬ್ರಿಟಾ ಬಗ್ಗಿ ಗೇಲೆನ್‌ನ ಮುಖವನ್ನು ತಲೆಕೆಳಗಾಗಿ ಪರೀಕ್ಷಿಸಿದಳು. "ಇಲ್ಲ ಕಣೆ. ಮುದುಕ ಅಷ್ಟೇ. ನಡುಗ್ತಾ ಇದಾನೆ."

"ಎರಡು ಸಲ ಬಂದ."

"ಬಿಸ್ಕತ್ತು ಇದೆಯಂತೆ."

ಟಿಲ್ಡಾ ಯೋಚಿಸಿದಳು. ಗೇಲೆನ್ ತುಟಿ ಅಲ್ಲಾಡಿಸದೆ ಮೇಲಿನವಳಿಗೆ ಪಿಸುಗುಟ್ಟಿದ. ಬ್ರಿಟಾ ಕೂಗಿ ಹೇಳಿದಳು, "ನಡೀಬೇಡ. ಹೊಟ್ಟೆ ಮೇಲೆ ಬಾ. ನೀರುನಾಯಿ ಥರ. ಸೋತೋರಿಗೆ ಬಿಸ್ಕತ್ತಿಲ್ಲ."

ಮಗು ಮಲಗಿತು. ಹೊಟ್ಟೆಯ ಮೇಲೆ ತೆವಳತೊಡಗಿತು. ಕಾರಿನ ಮುಂದಿನ ಚಕ್ರದ ಪಕ್ಕ ಬಂದಾಗ ಹಿಮ ಬಿರಿದು ನೀರು ಮೇಲೆ ಬಂತು, ಅದರ ತೋಳು ಮುಳುಗಿತು. ಕ್ರಿಸ್ಟಲ್‌ಳ ಗಂಟಲಿನಿಂದ ಬಂದ ಸದ್ದು ನನಗೆ ಇನ್ನೂ ಕೇಳುತ್ತದೆ. ಲವಾನ್ ಅವಳನ್ನು ತಬ್ಬಿ ಹಿಡಿದಿದ್ದಳು. ಹಿಡಿಯದಿದ್ದರೆ ಹಿಮಕ್ಕೆ ಹಾರುತ್ತಿದ್ದಳು.

"ನೀರುನಾಯಿ ನೀರಲ್ಲೂ ಈಜ್ತದೆ," ಎಂದಳು ಬ್ರಿಟಾ, ಮೇಲಿನಿಂದ, ಏನೂ ಆಗಿಲ್ಲವೆಂಬಂತೆ. ಅವಳ ಕೆಳಗಿನ ಮನುಷ್ಯ ಅಳುತ್ತಿದ್ದ. ಅವಳಿಗೆ ಅದು ಕಾಣುತ್ತಿರಲಿಲ್ಲ. "ಬಾ ಬಾ. ಕಪ್ಪೆ ನಿಂಗೇ ಕೊಡ್ತೀನಿ."

ಅದು ತೋಳು ಎಳೆದುಕೊಂಡಿತು. ಮತ್ತೆ ತೆವಳಿತು. ಬಿಳಿ ಹಿಮಕ್ಕೆ ಬಂತು. ನಾನು ದೋಣಿಯಲ್ಲಿ ಬೋರಲಾಗಿ ಮಲಗಿ ಕೈ ಚಾಚಿದ್ದೆ. ಆ ಪುಟ್ಟ ಕೈ ನನ್ನ ಕೈಗೆ ಸಿಕ್ಕಿದಾಗ, ನಾನು ಹಿಡಿದ ಎಲ್ಲಾ ಮೀನುಗಳ ಬಗ್ಗೆ ಹೇಳಿದ ಸುಳ್ಳುಗಳನ್ನು ದೇವರು ಅವತ್ತೇ ಮನ್ನಿಸಿದ ಎನ್ನಿಸಿತು. ಹೊಸದಾಗಿ ಹೇಳಲು ಅಪ್ಪಣೆಯಾಯಿತೆಂದೇ ತಿಳಿದುಕೊಂಡಿದ್ದೇನೆ.

ಟಿಲ್ಡಾ ತಾಯಿಯ ಮೈಗೆ ಅಂಟಿಕೊಂಡಳು. ಗೋದಾಮಿನೊಳಗೆ ಕಂಬಳಿ, ಬಿಸಿನೀರು, ಅಗ್ನಿಶಾಮಕದವರ ಗದ್ದಲ. ಲವಾನ್ ಕ್ರಿಸ್ಟಲ್‌ಳ ಎದುರು ನಿಂತು, "ಗೀರೂ ಆಗಲ್ಲ ಅಂದಿದ್ದೆ. ಮಾತು ಉಳಿಸಿಕೊಳ್ಳಲಿಲ್ಲ" ಎಂದಳು.

"ನೀವು ನನ್ನ ಹಿಡಿದುಕೊಂಡ್ರಿ," ಎಂದಳು ಕ್ರಿಸ್ಟಲ್. ಕ್ಷಮಿಸಿದೆ ಎಂದು ಮಾತ್ರ ಹೇಳಲಿಲ್ಲ.

ಗೇಲೆನ್ ಬಾಗಿಲ ಹತ್ತಿರ ನೆಲದ ಮೇಲೆ ಕೂತು ಡಬ್ಬ ತೆರೆದು ಮುಂದೆ ತಳ್ಳಿದ. "ನಾನು ಗೇಲೆನ್," ಎಂದ. "ಅದು ಬರೀ—" ಎಂದು ನಿಲ್ಲಿಸಿದ. ನಾಟಕ ಎನ್ನಲು ಬಾಯಿ ಬರಲಿಲ್ಲ. ಬ್ರಿಟಾ ಮೂರು ಬಿಸ್ಕತ್ತು ತಿಂದಳು. ಕಂಬಳಿಯೊಳಗಿನಿಂದ ಟಿಲ್ಡಾಳ ಕೈ ಬಂದು ಒಂದನ್ನು ತೆಗೆದುಕೊಂಡಿತು. ತಿನ್ನಲಿಲ್ಲ. ಹಿಡಿದುಕೊಂಡೇ ಕಾರು ಹತ್ತಿದಳು. ಕಾರು ತಿರುಗುವ ತನಕ ಕಿಟಕಿಯಿಂದ ಅವನ ಮುಖವನ್ನೇ ನೋಡುತ್ತಿದ್ದಳು, ಕಲಿತುಕೊಳ್ಳುವವರ ಹಾಗೆ.

ಅಧ್ಯಯನದವರು ಆ ಜೋಡಿಯನ್ನು ಲೆಕ್ಕದಿಂದ ಬಿಟ್ಟರು. ಹಿಂಬಾಗಿಲಿಗೆ ಎತ್ತರದಲ್ಲಿ ಚಿಲಕ ಹಾಕಿಸಿದರು. ಅಂಗಿಯ ಬದಲು ಮಕ್ಕಳ ಉಗುರಿಗೆ ಬಣ್ಣ ಹಚ್ಚತೊಡಗಿದರು. ಗೇಲೆನ್ ಕೆಲಸ ಬಿಟ್ಟ. ಕೋಟನ್ನು ಹಿಮದಿಂದ ಎತ್ತಿ ತರಲು ಯಾರೂ ಹೋಗಲಿಲ್ಲ. ಏಪ್ರಿಲಿನಲ್ಲಿ ಹಳದಿ ಕಾರು ಮುಳುಗಿದ ದಿನ ಅದೂ ಹೋಯಿತು. ಅವನ ಭಯ ಮಾತ್ರ ಹೋಗಲಿಲ್ಲ. ಟಿಲ್ಡಾ ತನ್ನ ಮುಖವನ್ನು ಮುದುಕಿಯಾಗುವ ತನಕ ಹೊತ್ತುಕೊಂಡು ತಿರುಗುತ್ತಾಳೆ, ಯಾವುದೋ ಗೋಡೆಗೆ ಬೆನ್ನು ಕೊಟ್ಟು ಕೂರಲಾರದೆ ಹೋಗುತ್ತಾಳೆ ಎಂದು ಮೀನಿನ ತೊಟ್ಟಿಯ ಪಕ್ಕ ಕೂತು ನನ್ನ ತಲೆ ತಿನ್ನುತ್ತಿದ್ದ. ನಾನು ಹೇಳಿದ ಜೋಕುಗಳು ತೊಟ್ಟಿಯ ಮೀನುಗಳಿಗೆ ಮಾತ್ರ ತಾಗುತ್ತಿದ್ದವು.

ಮುಂದಿನದನ್ನು ಹೇಳಿದವಳು ಲವಾನ್. ಅವಳಿಗೆ ಉತ್ಪ್ರೇಕ್ಷೆ ಬರುವುದಿಲ್ಲ, ಹಾಗಾಗಿ ಇದರಲ್ಲಿ ನೀವು ಏನನ್ನೂ ಕಳೆಯಬೇಕಾಗಿಲ್ಲ.

ಮರುವರ್ಷದ ಬೇಸಿಗೆ. ಗಂಡಹೆಂಡತಿ ದಿನಸಿ ಅಂಗಡಿಗೆ ಹೋಗಿದ್ದರು. ಗೇಲೆನ್ ಕೈಯಲ್ಲಿ ಒಂದು ಎಲೆಕೋಸು. ದೂರದಲ್ಲಿ ಕ್ರಿಸ್ಟಲ್ ಮತ್ತು ಇಬ್ಬರು ಹುಡುಗಿಯರು ಕಂಡರು. ಗೇಲೆನ್ ಎಲೆಕೋಸನ್ನು ಎರಡು ಕೈಯಲ್ಲಿ ಅವಚಿಕೊಂಡು ಕಪಾಟಿನ ಹಿಂದೆ ಸರಿದು ಕಣ್ಣು ಮುಚ್ಚಿಕೊಂಡ. ಮತ್ತೆ ತೆರೆದಾಗ ಕಪಾಟಿನ ಕೊನೆಯಲ್ಲಿ ಒಂದು ಹುಡುಗಿ ನಿಂತಿತ್ತು. ಸುಮ್ಮನೆ ನಿಂತಿತ್ತು. ನಗಲಿಲ್ಲ, ಮುಖ ಗಂಟಿಕ್ಕಲಿಲ್ಲ. ಗೇಲೆನ್ ಒಂದು ಹೆಜ್ಜೆ ಹಿಂದೆ ಸರಿದ. ಬೆನ್ನಿಗೆ ಡಬ್ಬಗಳು ತಾಗಿದವು. ಹುಡುಗಿ ಅರ್ಧಕ್ಕೆ ಬಂದಿತು.

"ನಿನ್ನ ಹೆಸರೇನು?" ಎಂದಿತು. ದನಿಯಲ್ಲಿ ಬಿಸಿಯಿರಲಿಲ್ಲ, ತಂಪೂ ಇರಲಿಲ್ಲ.

"ಗೇ... ಗೇಲೆನ್."

"ಏನು ಆಟ ಆಡ್ತಿದೀಯ?"

"ಎಲೆಕೋಸು," ಎಂದ ಗೇಲೆನ್. ಅವನ ತುಟಿ ನಡುಗುತ್ತಿತ್ತು.

ಹುಡುಗಿ ಹತ್ತಿರ ಬಂದು ಮಂಡಿಯೂರಿತು. ತಲೆಯೆತ್ತಿ ಅವನ ಮುಖವನ್ನೇ ನೋಡಿತು. ಆಮೇಲೆ ಅದು ಎದ್ದು ಫ್ರಾಕಿನ ಮಂಡಿ ಝಾಡಿಸಿಕೊಂಡಿತು.

"ಇನ್ನೊಂದ್ಸಲ ಬರಲ್ಲ, ಹೆದರ್ಬೇಡ," ಎಂದು ಹೇಳಿ, ಅಮ್ಮ ಇದ್ದ ಕಡೆಗೆ ಹೊರಟುಹೋಯಿತು.

ಅದು ಟಿಲ್ಡಾಳೋ ಬ್ರಿಟಾಳೋ ಎಂದು ನಾನು ಕೇಳಿದೆ. ಅಂಗಿ ಎರಡೂ ಒಂದೇ ಬಣ್ಣದ್ದಿತ್ತು ಎಂದಳು ಲವಾನ್. ಗೇಲೆನ್ ಮಾತ್ರ, ಇಷ್ಟು ವರ್ಷವಾದರೂ, ಯಾರೆಂದು ತನಗೆ ಗೊತ್ತು ಎನ್ನುತ್ತಾನೆ. ಅವತ್ತಿನಿಂದ ಅವನು ಕಪಾಟಿನ ಹಿಂದೆ ಅವಿತುಕೊಳ್ಳುವುದನ್ನು ಬಿಟ್ಟಿದ್ದಾನೆ. ಎಲೆಕೋಸನ್ನು ಮಾತ್ರ ಈಗಲೂ ಎರಡು ಕೈಯಲ್ಲಿ ಹಿಡಿಯುತ್ತಾನೆ.